ಹತ್ತು ಗಂಟೆಗೇ ಮುಗಿದುಹೋಗುವ ರಾತ್ರಿ

ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆಯ ದಿನ ಹಗಲಿಡೀ ಟಿ.ವಿ. ನೋಡಿದವರಿಗೆ ಆ ದೇಶದಲ್ಲಿ ರಾಜಕೀಯವೇ ಇಲ್ಲವೇನೋ ಅನ್ನಿಸಬೇಕು. ಬೆಳಿಗ್ಗೆ ಏಳಕ್ಕೆ ಮತಗಟ್ಟೆಯ ಬಾಗಿಲು ತೆರೆದರೆ ಚುನಾವಣಾ ವಿಷಯಗಳ ಚರ್ಚೆ, ವಿಶ್ಲೇಷಣೆ ಎಲ್ಲಕ್ಕೂ ಬೀಗ. ಪ್ರಸಾರ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್‌ನ ನಿಯಮ ಅದು. ನಾಯಕರು ಮನೆಯವರೊಡನೆ ಬಂದು ಮತ ಹಾಕಿ ಹೋದರು, ಮಳೆ ಬಂತು ಅಥವಾ ಬರಲಿಲ್ಲ, ಮತಗಟ್ಟೆಯ ಹೊರಗೆ ಯಜಮಾನರಿಗಾಗಿ ನಾಯಿಗಳು ಕಾದು ಕೂತಿದ್ದವು. ಸುದ್ದಿ ಎಂದರೆ ಇಷ್ಟೇ. ರಾತ್ರಿ ಹತ್ತಕ್ಕೆ ಐದೋ ಹತ್ತೋ ನಿಮಿಷ ಇರುವಾಗ ವಾಹಿನಿಗಳು ಮಾಮೂಲಿ ಕಾರ್ಯಕ್ರಮಗಳನ್ನು ಬದಿಗೆ ಸರಿಸಿ ಚುನಾವಣಾ ಸ್ಟುಡಿಯೊ ತೆರೆಯುತ್ತವೆ. ಬಿಗ್ ಬೆನ್ ಹತ್ತು ಬಾರಿಸುತ್ತಿದ್ದಂತೆ ಪರದೆಯ ತುಂಬ ಎಕ್ಸಿಟ್ ಪೋಲ್‌ನ ಒಂದು ಅಂಕಿ ಮೂಡುತ್ತದೆ. ಅಲ್ಲಿಂದ ಮರುದಿನ ಬೆಳಗಿನವರೆಗೂ ಎಡೆಬಿಡದ ಪ್ರಸಾರ.

ನನ್ನ ತಕರಾರು ಆ ಅಂಕಿಯ ಬಗ್ಗೆ. ಅದು ಸುಳ್ಳು ಎಂದಲ್ಲ. ಈಚೆಗಂತೂ ಅದು ಹೆಚ್ಚುಕಡಿಮೆ ನಿಜವೇ ಆಗುತ್ತದೆ. ಮುಂದಿನ ಹತ್ತು ಗಂಟೆಯ ಪ್ರಸಾರವನ್ನೆಲ್ಲ ಅದೊಂದೇ ಅಂಕಿಗೆ ಕಟ್ಟಿಹಾಕುವುದು ಸರಿಯೇ ಎಂಬುದು ಪ್ರಶ್ನೆ. ಚುನಾವಣಾ ರಾತ್ರಿಯ ಪ್ರಸಾರ ನಿಲ್ಲಬೇಕಾದದ್ದು ಕ್ಷೇತ್ರ ಕ್ಷೇತ್ರದ ಫಲಿತಾಂಶ ಘೋಷಣೆಯ ಮೇಲೆ. ಈಗ ಅದು ನಿಂತಿರುವುದು ಭವಿಷ್ಯದ ಮೇಲೆ.

ಆ ಅಂಕಿ ಹುಟ್ಟುವ ಬಗೆ ಮಾತ್ರ ಮೆಚ್ಚುವಂಥದ್ದೇ. ಬಿಬಿಸಿ ಮತ್ತು ಐಟಿವಿ 2005ರಲ್ಲಿ ಜೊತೆಗೂಡಿ ಎಕ್ಸಿಟ್ ಪೋಲ್ ಮಾಡಿಸಿದವು. 2010ರಲ್ಲಿ ಸ್ಕೈ ಸೇರಿಕೊಂಡಿತು. ದೇಶದಾದ್ಯಂತ ನೂರಕ್ಕೂ ಸ್ವಲ್ಪ ಹೆಚ್ಚು ಮತಗಟ್ಟೆಗಳನ್ನು ಆರಿಸಿಕೊಂಡು, ಮತ ಹಾಕಿ ಹೊರಬಂದವರ ಕೈಗೆ ನಕಲಿ ಮತಪತ್ರ ಕೊಟ್ಟು, ಒಳಗೆ ಮಾಡಿದ್ದನ್ನೇ ಇಲ್ಲೂ ಮಾಡಿ ಪೆಟ್ಟಿಗೆಗೆ ಹಾಕಿ ಎನ್ನುತ್ತಾರೆ. ಯಾರಿಗೆ ಹಾಕಿದಿರಿ ಎಂದು ಬಾಯಿಬಿಟ್ಟು ಕೇಳುವುದಿಲ್ಲ, ಹಾಗಾಗಿ ಮುಜುಗರದ ಸುಳ್ಳಿಗೆ ಎಡೆ ಕಡಿಮೆ. ಸಾಧ್ಯವಾದಷ್ಟೂ ಹಿಂದಿನ ಚುನಾವಣೆಯಲ್ಲಿ ನಿಂತಿದ್ದ ಮತಗಟ್ಟೆಗಳಲ್ಲೇ ನಿಂತು, ಅಂದಿಗೂ ಇಂದಿಗೂ ಆದ ಏರುಪೇರನ್ನು ಅಳೆಯುತ್ತಾರೆ. ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಪ್ರೊ. ಜಾನ್ ಕರ್ಟಿಸ್ ಮತ್ತವರ ತಂಡ ಹೊರಗಿನ ಸಂಪರ್ಕವಿಲ್ಲದ ಕೋಣೆಯಲ್ಲಿ ಕೂತು ಲೆಕ್ಕ ಹಾಕುತ್ತದೆ. ಮತದಾನ ಮುಗಿಯುವ ಮುನ್ನ ಅದನ್ನು ಹೊರಗೆಡಹುವುದು ಕಾನೂನಿನಲ್ಲಿ ಅಪರಾಧ.

ಮೊದಲು ಹೀಗಿರಲಿಲ್ಲ. 1987ರಲ್ಲಿ ಮಾರ್ಗರೆಟ್ ಥ್ಯಾಚರ್ ಅವರಿಗೆ 26 ಸ್ಥಾನಗಳ ಬಹುಮತ ಎಂದು ಬಿಬಿಸಿ ಅಂದಾಜು ಮಾಡಿತ್ತು, ಬಂದದ್ದು 102. 1992ರಲ್ಲಿ ಅತಂತ್ರ ಸಂಸತ್ತು ಎಂದು ಹೇಳಿ ಸ್ಟುಡಿಯೊದವರೆಲ್ಲ ಮೈತ್ರಿಕೂಟದ ಲೆಕ್ಕದಲ್ಲಿ ಮುಳುಗಿದ್ದಾಗ, ಬ್ಯಾಸಿಲ್ಡನ್ ಎಂಬ ಒಂದು ಕ್ಷೇತ್ರದ ಫಲಿತಾಂಶ ಬಂದು ಎಲ್ಲವನ್ನೂ ತಲೆಕೆಳಗು ಮಾಡಿತು. ಪ್ರಧಾನಿ ಜಾನ್ ಮೇಜರ್ ಸ್ವಂತ ಬಲದಿಂದಲೇ ಗೆದ್ದರು. ಹೊಸ ವಿಧಾನ ಬಂದ ಮೇಲೆ ಇಂಥ ಎಡವಟ್ಟುಗಳು ಬಹುಮಟ್ಟಿಗೆ ನಿಂತವು. 2005ರಲ್ಲಿ ಹೇಳಿದ ಬಹುಮತ 66, ಆದದ್ದೂ 66. 2024ರಲ್ಲಿ ಲೇಬರ್‌ಗೆ 410 ಎಂದರು, ಸಿಕ್ಕಿದ್ದು 411. 2015ರಲ್ಲಿ ಲಿಬರಲ್ ಡೆಮಾಕ್ರಟ್‌ರಿಗೆ ಹತ್ತೇ ಸ್ಥಾನ ಎಂದಾಗ ಆ ಪಕ್ಷದ ಹಿರಿಯ ಪ್ಯಾಡಿ ಆಶ್‌ಡೌನ್ ಅವರು, ಇದು ನಿಜವಾದರೆ ನನ್ನ ಟೋಪಿಯನ್ನೇ ತಿನ್ನುತ್ತೇನೆ ಎಂದು ಬಿಬಿಸಿಯಲ್ಲಿ ಶಪಥ ಮಾಡಿದ್ದರು. ಬಂದದ್ದು ಎಂಟು!

ಇಷ್ಟು ಕರಾರುವಾಕ್ಕಾದ ಮೇಲೆ ದೂರು ಏನು? ಕರಾರುವಾಕ್ಕಾಗಿರುವುದೇ ದೂರು. ತಪ್ಪಬಹುದು ಎಂಬ ಅಂಜಿಕೆ ಇದ್ದ ಕಾಲದಲ್ಲಿ ಸ್ಟುಡಿಯೊದವರ ಬಾಯಲ್ಲಿ 'ಒಂದು ವೇಳೆ' ಎಂಬ ಮಾತು ಇರುತ್ತಿತ್ತು. ಈಗ ಹತ್ತು ಗಂಟೆ ಒಂದು ನಿಮಿಷಕ್ಕೆ ಸೋತ ಪಕ್ಷದ ಮುಂದಿನ ನಾಯಕ ಯಾರು ಎಂಬ ಚರ್ಚೆ ಶುರು. ಒಂದೇ ಒಂದು ಅಸಲಿ ಮತ ಎಣಿಕೆಯಾಗಿರುವುದಿಲ್ಲ. ಅಲ್ಲದೆ ಒಟ್ಟು ಮೊತ್ತ ಸರಿಯಾದ ಮಾತ್ರಕ್ಕೆ ಅದರ ಒಳಗಿನ ಬಿಡಿ ಲೆಕ್ಕವೂ ಸರಿ ಎಂದಲ್ಲ. 2024ರಲ್ಲಿ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ 13 ಸ್ಥಾನ ಎಂದಿತು ಸಮೀಕ್ಷೆ. ಬಾರ್ನ್‌ಸ್ಲಿ ನಾರ್ತ್ ಕ್ಷೇತ್ರವನ್ನು ಆ ಪಕ್ಷ ಗೆಲ್ಲುವ ಸಾಧ್ಯತೆ ಶೇ 99 ಎಂದು ಪರದೆಯಲ್ಲಿ ಬಂತು. ಬಾರ್ನ್‌ಸ್ಲಿಯ ಎಣಿಕೆ ಮುಗಿದಾಗ ಗೆದ್ದದ್ದು ಲೇಬರ್. ರಿಫಾರ್ಮ್ ಪಕ್ಷಕ್ಕೆ ಒಟ್ಟು ಸಿಕ್ಕಿದ್ದು ಐದು. ಅಷ್ಟರೊಳಗೆ ಇಲ್ಲದ ಎಂಟು ಸ್ಥಾನಗಳ ಮಹತ್ವದ ಬಗ್ಗೆ ಎಷ್ಟೋ ಹೊತ್ತಿನ ಮಾತು ಆಗಿಹೋಗಿತ್ತು.

ವಾಹಿನಿಗಳ ಕಷ್ಟವೂ ಇಲ್ಲದಿಲ್ಲ. ಬ್ರಿಟನ್ನಿನ ಎಣಿಕೆಯ ಕ್ರಮ ನಮ್ಮದಕ್ಕಿಂತ ಬೇರೆ. ಅಲ್ಲಿ ಸುತ್ತುಗಳಿಲ್ಲ; ಮುನ್ನಡೆ, ಹಿನ್ನಡೆ ಎಂಬುದೇ ಇಲ್ಲ. ಪೆಟ್ಟಿಗೆಗಳು ಯಾವುದಾದರೂ ಕ್ರೀಡಾಂಗಣಕ್ಕೋ ಪುರಭವನಕ್ಕೋ ಬರುತ್ತವೆ. ಮೊದಲು ಕೊಟ್ಟ ಮತಪತ್ರಗಳಿಗೂ ಪೆಟ್ಟಿಗೆಯಲ್ಲಿರುವ ಮತಪತ್ರಗಳಿಗೂ ತಾಳೆ ನೋಡುತ್ತಾರೆ. ಆಮೇಲೆ ಅಭ್ಯರ್ಥಿವಾರು ವಿಂಗಡಿಸಿ, ಕಟ್ಟು ಕಟ್ಟಿ ಎಣಿಸುತ್ತಾರೆ. ಮೇಜಿನ ಈಚೆ ನಿಂತ ಪಕ್ಷದ ಏಜೆಂಟರು ಕಣ್ಣಂದಾಜಿನ ಲೆಕ್ಕ ಬರೆದುಕೊಳ್ಳಬಹುದೇ ಹೊರತು, ಅಧಿಕಾರಿ ಪೂರ್ತಿ ಎಣಿಸಿ ಮುಗಿಸುವವರೆಗೆ ಯಾರಿಗೆ ಎಷ್ಟು ಮತ ಎಂಬುದನ್ನು ಹೊರಗೆ ಬಿಡುವುದಿಲ್ಲ. ಹೆಚ್ಚಿನ ಕ್ಷೇತ್ರಗಳ ಫಲಿತಾಂಶ ಬರುವುದು ರಾತ್ರಿ ಎರಡರಿಂದ ಐದರ ನಡುವೆ. ಹತ್ತರಿಂದ ಎರಡರವರೆಗೆ ತೋರಿಸುವುದಾದರೂ ಏನನ್ನು?

ಆ ನಾಲ್ಕು ಗಂಟೆ ತುಂಬಿಸಲು ಮಾಡಿದ ಸಾಹಸಗಳದೇ ಒಂದು ಚರಿತ್ರೆ. 1950ರ ಫೆಬ್ರುವರಿ 23ರಂದು ಬಿಬಿಸಿ ಮೊದಲ ಬಾರಿಗೆ ಟಿ.ವಿ.ಯಲ್ಲಿ ಫಲಿತಾಂಶ ತೋರಿಸಿದಾಗ ಕೈಯಲ್ಲಿ ಬರೆದ ನಕ್ಷೆ, ಪಟ್ಟಿಗಳ ಮುಂದೆ ಕೂತು ಅಂಕಿಅಂಶ ಬಿಡಿಸಿ ಹೇಳಿದವರು ಆಕ್ಸ್‌ಫರ್ಡಿನ 25ರ ಹರೆಯದ ಡೇವಿಡ್ ಬಟ್ಲರ್. ಎರಡು ಪಕ್ಷಗಳ ನಡುವೆ ಮತ ಎಷ್ಟು ಶೇಕಡ ವಾಲಿತು ಎಂಬುದನ್ನು ಮುಳ್ಳು ತಿರುಗಿಸಿ ತೋರಿಸುವ ಸ್ವಿಂಗೋಮೀಟರ್ 1950ರ ದಶಕದಲ್ಲೇ ಬಂತು. ಬಿಬಿಸಿಯ ನಿರೂಪಕ ಪೀಟರ್ ಸ್ನೋ ಅದನ್ನು ಮೈಯೆಲ್ಲ ಕುಣಿಸುತ್ತ ತಿರುಗಿಸುತ್ತಿದ್ದರು. 2010ರಲ್ಲಿ ಬಿಬಿಸಿ ಥೇಮ್ಸ್ ನದಿಯಲ್ಲೊಂದು ದೋಣಿ ಕಟ್ಟಿ ಸಿನಿಮಾ-ಟಿ.ವಿ. ತಾರೆಯರನ್ನು ಕೂರಿಸಿ ಅವರ ರಾಜಕೀಯ ಅಭಿಪ್ರಾಯ ಕೇಳಿತು. ಅದು ಬೇಕಿರಲಿಲ್ಲ. ಸ್ವಿಂಗೋಮೀಟರಿನ ಮುಳ್ಳಾದರೂ ಜನರಿಗೆ ಏನನ್ನೋ ಕಲಿಸಿತು. ಆದರೆ ಎರಡು ಪಕ್ಷಗಳ ಕಾಲದ ಆ ಉಪಕರಣ, ಶೇ 33.7 ಮತ ಪಡೆದವರಿಗೆ 411 ಸ್ಥಾನ, ಶೇ 14.3 ಪಡೆದವರಿಗೆ ಐದು ಸ್ಥಾನ ಸಿಗುವ ಈ ಕಾಲದ ಲೆಕ್ಕವನ್ನು ಹೇಳಲಾರದು.

ಮೊದಲ ಫಲಿತಾಂಶಕ್ಕಾಗಿ ನಡೆಯುವ ಓಟ ಇನ್ನೊಂದು ತಮಾಷೆ. 1992ರಿಂದ ಸಂಡರ್‌ಲೆಂಡ್ ನಗರ ಈ ಪೈಪೋಟಿಯಲ್ಲಿ ಹೆಸರು ಮಾಡಿತು. ವಿದ್ಯಾರ್ಥಿಗಳು ಸಾಲಾಗಿ ನಿಂತು ಮತಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓಡುತ್ತಾರೆ. 2001ರಲ್ಲಿ 43 ನಿಮಿಷದಲ್ಲಿ ಘೋಷಣೆಯೇ ಆಯಿತು. 2017ರಲ್ಲಿ ಪಕ್ಕದ ನ್ಯೂಕ್ಯಾಸಲ್ ಆ ಪಟ್ಟ ಕಿತ್ತುಕೊಂಡಿತು. ಯಾರು ಗೆಲ್ಲುತ್ತಾರೆಂದು ಊರಿಗೆಲ್ಲ ಗೊತ್ತಿರುವ ಕ್ಷೇತ್ರಗಳಿವು. ಆದರೂ ಈ ಓಟವನ್ನು ನಾನು ಬೈಯಲಾರೆ. ಟಿ.ವಿ.ಗಾಗಿ ಮಾಡಿದ್ದು ನಿಜ, ಆದರೆ ತೋರಿಸುತ್ತಿರುವುದು ಅಸಲಿ ಮತಪತ್ರಗಳನ್ನು.

ಇಷ್ಟಕ್ಕೂ ರಾತ್ರಿಯೇ ಯಾಕೆ ಎಣಿಸಬೇಕು? 2010ರ ಚುನಾವಣೆಗೆ ಮುಂಚೆ ಈ ಪ್ರಶ್ನೆ ಗಂಭೀರವಾಗಿಯೇ ಎದ್ದಿತ್ತು. ಅಂಚೆ ಮತಗಳ ಪರಿಶೀಲನೆಗೆ ಹೊತ್ತು ಹಿಡಿಯುತ್ತದೆ, ಬೆಳಗಿನಿಂದ ದುಡಿದ ಸಿಬ್ಬಂದಿ ನಿದ್ದೆಗಣ್ಣಲ್ಲಿ ತಪ್ಪು ಮಾಡಬಹುದು, ಖರ್ಚೂ ಹೆಚ್ಚು ಎಂದು ಹಲವು ಸ್ಥಳೀಯ ಆಡಳಿತಗಳು ಎಣಿಕೆಯನ್ನು ಶುಕ್ರವಾರದ ಹಗಲಿಗೆ ಹಾಕಲು ಹೊರಟವು. ಚುನಾವಣಾ ರಾತ್ರಿಯನ್ನು ಉಳಿಸಿ ಎಂಬ ಚಳವಳಿಯೇ ನಡೆಯಿತು. ಕೊನೆಗೆ ಸಂಸತ್ತು ಅದೇ ವರ್ಷ ಕಾನೂನು ತಂದು, ಮತದಾನ ಮುಗಿದ ನಾಲ್ಕು ಗಂಟೆಯೊಳಗೆ ಎಣಿಕೆ ಶುರುಮಾಡಲು ಚುನಾವಣಾಧಿಕಾರಿ ಪ್ರಯತ್ನಿಸಲೇಬೇಕು ಎಂದಿತು. ಟಿ.ವಿ.ಯವರ ಒತ್ತಾಯಕ್ಕೆ ಸಂಸತ್ತು ಮಣಿಯಿತು ಎಂದು ಆಡಿಕೊಂಡವರಿದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ಪೆಟ್ಟಿಗೆ ಮುಚ್ಚಿದ ಮೇಲೆ ತೆರೆಯುವ ತನಕದ ಹೊತ್ತು ಬೆಳೆದಷ್ಟೂ ಅನುಮಾನವೂ ಬೆಳೆಯುತ್ತದೆ. ನಮ್ಮಲ್ಲಿ 2024ರ ಏಪ್ರಿಲ್ 19ರಂದು ಒತ್ತಿದ ಮತ ಜೂನ್ 4ರವರೆಗೆ ಭದ್ರತಾ ಕೊಠಡಿಯಲ್ಲಿತ್ತು. ಏಳು ಹಂತದ ಚುನಾವಣೆಯಲ್ಲಿ ಅದು ಅನಿವಾರ್ಯ. ಆದರೆ ಆ ಕೊಠಡಿಗಳ ಮುಂದೆ ಪಕ್ಷದ ಕಾರ್ಯಕರ್ತರು ಕಾವಲು ಕೂರುವುದನ್ನು ಬಲ್ಲವರಿಗೆ ಬ್ರಿಟನ್ನಿನ ಅವಸರ ಅರ್ಥವಾದೀತು.

ಆದ್ದರಿಂದ ರಾತ್ರಿ ಇರಲಿ. ಆ ರಾತ್ರಿಯಲ್ಲಿ ನಿಜಕ್ಕೂ ನೋಡತಕ್ಕದ್ದು ಏನು ಎಂದು ಕೇಳಿದರೆ ನಾನು ಪಟ್ನಿ ಕ್ಷೇತ್ರವನ್ನು ತೋರಿಸುತ್ತೇನೆ. ದಕ್ಷಿಣ ಲಂಡನ್ನಿನ ಈ ಕ್ಷೇತ್ರದಲ್ಲಿ 1997ರಲ್ಲಿ ಮಾಜಿ ಸಚಿವ ಡೇವಿಡ್ ಮೆಲರ್ ಸೋತರು. ಬ್ರಿಟನ್ನಿನಲ್ಲಿ ಅಭ್ಯರ್ಥಿಗಳೆಲ್ಲ ವೇದಿಕೆಯ ಮೇಲೆ ಸಾಲಾಗಿ ನಿಲ್ಲುವುದು ರೂಢಿ. ಅಧಿಕಾರಿ ಅಕ್ಷರಾನುಕ್ರಮದಲ್ಲಿ ಒಬ್ಬೊಬ್ಬರ ಹೆಸರನ್ನೂ ಮತವನ್ನೂ ಓದುತ್ತಾರೆ. ಸೋತವರು ಗೆದ್ದವರ ಪಕ್ಕದಲ್ಲೇ ನಿಂತು ತಮ್ಮ ಸೋಲು ಕೇಳಿಸಿಕೊಳ್ಳುತ್ತಾರೆ, ಆಮೇಲೆ ಎಷ್ಟೋ ಸಲ ಮೈಕಿನ ಮುಂದೆ ಬಂದು ನಾಲ್ಕು ಮಾತೂ ಆಡುತ್ತಾರೆ. ಮೆಲರ್ ಮಾತಾಡುವಾಗ ಅದೇ ವೇದಿಕೆಯಲ್ಲಿದ್ದ ಇನ್ನೊಬ್ಬ ಅಭ್ಯರ್ಥಿ, ಕೋಟ್ಯಧಿಪತಿ ಜೇಮ್ಸ್ ಗೋಲ್ಡ್‌ಸ್ಮಿತ್ ನಿಧಾನ ಚಪ್ಪಾಳೆ ತಟ್ಟಿ ಹೀಯಾಳಿಸಿದರು. ಮೆಲರ್ ಬಿಡದೆ ತಿರುಗೇಟು ಕೊಟ್ಟರು. ಸೌಜನ್ಯ ಇರಲಿಲ್ಲ ನಿಜ, ಆದರೆ ಯಾವ ಸ್ಟುಡಿಯೊ ಚರ್ಚೆಯೂ ಹೇಳಲಾಗದ್ದನ್ನು ಆ ಎರಡು ನಿಮಿಷ ಹೇಳಿತು. ಅದೇ ರಾತ್ರಿ ಮೂರು ದಾಟಿದ ಮೇಲೆ ಆಗಿನ ರಕ್ಷಣಾ ಸಚಿವ ಮೈಕೆಲ್ ಪೋರ್ಟಿಲೊ ಎನ್‌ಫೀಲ್ಡ್ ಸೌತ್‌ಗೇಟ್‌ನಲ್ಲಿ ಸೋತದ್ದನ್ನು ಎದ್ದು ಕೂತು ನೋಡಿದೆಯಾ ಎಂದು ಒಂದು ತಲೆಮಾರಿನ ಬ್ರಿಟಿಷರು ಪರಸ್ಪರ ಕೇಳಿಕೊಳ್ಳುತ್ತಿದ್ದರು.

ಅದೇ ಪಟ್ನಿಯಲ್ಲಿ 2017ರಲ್ಲಿ ಲೇಬರ್ ಅಭ್ಯರ್ಥಿಯಾಗಿದ್ದವರು ನಮ್ಮ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್; ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆಗಿದ್ದವರು, ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಿಸಿದವರು. ಸಚಿವೆ ಜಸ್ಟೀನ್ ಗ್ರೀನಿಂಗ್ ಅವರೆದುರು ಸೋತರೂ, ಹತ್ತು ಸಾವಿರ ದಾಟಿದ್ದ ಆಕೆಯ ಗೆಲುವಿನ ಅಂತರವನ್ನು ಒಂದೂವರೆ ಸಾವಿರದ ಆಸುಪಾಸಿಗೆ ಇಳಿಸಿದ್ದರು. 2024ರಲ್ಲಿ ನಾರಾಯಣ ಮೂರ್ತಿ, ಸುಧಾ ಮೂರ್ತಿಯವರ ಅಳಿಯ ರಿಷಿ ಸುನಕ್ ಸೋಲೊಪ್ಪಿಕೊಂಡದ್ದು ಇಂಥದೇ ವೇದಿಕೆಯಲ್ಲಿ, ಅಲ್ಲಿನ ನಸುಕಿನ ನಾಲ್ಕೂವರೆ ದಾಟಿದ ಮೇಲೆ. ನಮ್ಮಲ್ಲಿ ಬೆಳಗಿನ ತಿಂಡಿಯ ಹೊತ್ತು. ದೇಶದ ಪ್ರಧಾನಿ ಹಾಗೆ ನಿಂತಿರುವಾಗ ಅದೇ ಸಾಲಿನಲ್ಲಿ ತಲೆಗೆ ಕಸದ ಡಬ್ಬಿಯಂಥ ಟೋಪಿ ಹಾಕಿದ ಕೌಂಟ್ ಬಿನ್‌ಫೇಸ್ ಎಂಬ ವಿದೂಷಕ ಅಭ್ಯರ್ಥಿಯೂ ನಿಂತಿದ್ದ. ಆತನ ಮತಗಳನ್ನೂ ಅಧಿಕಾರಿ ಅಷ್ಟೇ ಗಂಭೀರವಾಗಿ ಓದಿದರು. ಪ್ರಜಾಪ್ರಭುತ್ವದ ಪಾಠ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ದೃಶ್ಯ ಸಿಗದು. ಇಂಥದ್ದನ್ನು ಬಿಟ್ಟು ವಾಹಿನಿಗಳು ಎಷ್ಟೋ ಬಾರಿ ಓದು ಅರ್ಧದಲ್ಲಿರುವಾಗಲೇ ಸ್ಟುಡಿಯೊಗೆ ಮರಳುತ್ತವೆ, ಹತ್ತು ಗಂಟೆಯ ಅಂಕಿಗೂ ಇದಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡಲು.

ಭಾರತಕ್ಕೂ ಈ ಕಥೆಗೂ ನೇರ ನಂಟಿದೆ. ಡೇವಿಡ್ ಬಟ್ಲರ್ 1980ರ ದಶಕದಲ್ಲಿ ಪ್ರಣಯ್ ರಾಯ್ ಮತ್ತು ಅಶೋಕ್ ಲಾಹಿರಿಯವರ ಜೊತೆ ಸೇರಿ ಭಾರತದ ಚುನಾವಣೆಗಳ ಅಂಕಿಅಂಶ ಗ್ರಂಥ ಹೊರತಂದರು. ದೂರದರ್ಶನದಲ್ಲಿ ಪ್ರಣಯ್ ರಾಯ್ ನಮಗೆ ಕಲಿಸಿದ 'ಸ್ವಿಂಗ್' ಲೆಕ್ಕ ಆ ಗರಡಿಯದೇ. ಮತಪತ್ರಗಳ ಎಣಿಕೆ ದಿನಗಟ್ಟಲೆ ಎಳೆಯುತ್ತಿದ್ದ ಆ ಕಾಲದಲ್ಲಿ ದೂರದರ್ಶನ ಫಲಿತಾಂಶಗಳ ನಡುವೆ ಹಿಂದಿ ಸಿನಿಮಾ ಹಾಕುತ್ತಿತ್ತು. ಹೇಳಲು ಏನೂ ಇಲ್ಲದಾಗ ಸಿನಿಮಾ ಹಾಕುವುದು ಪ್ರಾಮಾಣಿಕ ಕೆಲಸ ಎಂದು ಈಗ ಅನ್ನಿಸುತ್ತದೆ.

ಮತಯಂತ್ರ ಬಂದ ಮೇಲೆ ನಮ್ಮ ಎಣಿಕೆ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಸಂಜೆಯೊಳಗೆ ಬಹುಪಾಲು ಮುಗಿಯುತ್ತದೆ. ರಾತ್ರಿಯ ಕಾಯುವಿಕೆ ಇಲ್ಲ. ಆದರೆ ಬ್ರಿಟನ್ನಿನಲ್ಲಿಲ್ಲದ ಎರಡು ರೋಗ ನಮಗಿವೆ. ಒಂದು, ವಾಹಿನಿಗೊಂದು ಎಕ್ಸಿಟ್ ಪೋಲ್: 2024ರ ಜೂನ್ 1ರಂದು ಹಲವರು ಎನ್‌ಡಿಎಗೆ 350ಕ್ಕೂ ಹೆಚ್ಚು ಎಂದರು, ಬಂದದ್ದು 293. ಎರಡು, ಮುನ್ನಡೆಯ ಹುಚ್ಚು. ಅಂಚೆ ಮತದ ನಾಲ್ಕು ಕಟ್ಟು ಬಿಚ್ಚುವುದರೊಳಗೆ ಪರದೆಯ ಮೇಲೆ ಸರ್ಕಾರ ರಚನೆಯಾಗಿರುತ್ತದೆ. ಮುನ್ನಡೆ ಮೆಲ್ಲಗೆ ಗೆಲುವಾಗಿ ಕರಗುವುದರಿಂದ, ಗೆದ್ದವರು ಸೋತವರು ಒಟ್ಟಿಗೆ ನಿಂತು ಕೇಳುವ ಗಳಿಗೆ ನಮ್ಮಲ್ಲಿ ಬರುವುದೇ ಇಲ್ಲ. ಚುನಾವಣಾಧಿಕಾರಿ ಎಣಿಕೆ ಕೇಂದ್ರದೊಳಗೆ ಪ್ರಮಾಣಪತ್ರ ಕೊಡುತ್ತಾರೆ. ಗೆದ್ದವರು ಅದನ್ನು ಹಿಡಿದುಕೊಂಡು ಹೊರಬರುತ್ತಾರೆ. ಹಾರ, ಗುಲಾಲು, ಮೆರವಣಿಗೆ. ಸೋತವರು ಹಿಂಬಾಗಿಲಿನಿಂದ ಹೋಗಿಬಿಟ್ಟಿರುತ್ತಾರೆ.

ನಮ್ಮಲ್ಲೂ ಅಂಥ ಘೋಷಣೆಯ ವೇದಿಕೆ ಕಟ್ಟುವುದು ಚುನಾವಣಾ ಆಯೋಗದ ಕೆಲಸ. ಅದಕ್ಕೆ ನಿಯಮ ಬದಲಾಗಬೇಕು, ಕಾಲ ಹಿಡಿಯುತ್ತದೆ. ಕನ್ನಡ ವಾಹಿನಿಗಳು ನಾಳೆಯೇ ಮಾಡಬಹುದಾದ ಒಂದು ಕೆಲಸವಿದೆ. ಯಾವ ಕ್ಷೇತ್ರದ ಮುನ್ನಡೆ ತೋರಿಸಿದರೂ ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಒಟ್ಟು ಎಷ್ಟು ಸುತ್ತಿನಲ್ಲಿ ಎಷ್ಟನೆಯದು ಮುಗಿದಿದೆ ಎಂದು ಹಾಕಲಿ. ಆಯೋಗದ ಜಾಲತಾಣ ಆ ಮಾಹಿತಿಯನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತಿದೆ.