ಗಡಿಗೆ ತೂಗಿದ್ದನ್ನೂ ಬರೆದಿಡಿ

ಚಿತ್ರದುರ್ಗ ಜಿಲ್ಲೆಯ ಹಿರೇಗುಂಟನೂರು ಸೀಮೆಯಲ್ಲಿ ನೆಲ ಅದುರಿದರೆ ಜನರಿಗೆ ಮೊದಲು ನೆನಪಾಗುವುದು ಭೀಮಸಮುದ್ರದ ಕಡೆಯ ಅದಿರು ಗಣಿ. ಸಿಡಿತವೋ ಭೂಕಂಪವೋ ಎಂದು ಬೇರ್ಪಡಿಸಲು ಯಂತ್ರ ಬೇಕು, ನಿಜ. ಆದರೆ ಯಂತ್ರ ಕೊಡುವ ರಿಕ್ಟರ್ ಅಂಕಿ ಭೂಮಿಯೊಳಗೆ ಬಿಡುಗಡೆಯಾದ ಶಕ್ತಿಯ ಲೆಕ್ಕ. ನಮ್ಮೂರಿಗೆ ಅದು ಎಷ್ಟು ತಟ್ಟಿತೆಂದು ಹೇಳಬೇಕಾದವರು ನಾವೇ: ಮಲಗಿದ್ದವರು ಎದ್ದರೇ, ನೆಲುವಿನ ಗಡಿಗೆ ತೂಗಿತೇ, ಗೋಡೆ ಬಿರಿಯಿತೇ? 1843ರ ಏಪ್ರಿಲ್ 1ರ ಬಳ್ಳಾರಿ ಭೂಕಂಪ ಇಂದಿಗೂ ಲೆಕ್ಕಕ್ಕೆ ಸಿಗುವುದು ಅಂದಿನವರು ಕಂಡದ್ದನ್ನು ಬರೆದಿಟ್ಟಿದ್ದರಿಂದ.

ಚಿತ್ರದುರ್ಗ ಜಿಲ್ಲೆ 2002ರ ಭೂಕಂಪ ನಕ್ಷೆಯಲ್ಲಿ ಎರಡನೇ ವಲಯದಲ್ಲಿದೆ, ಅಂದರೆ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. ಇದನ್ನು ನಂಬಿ ಮೈಮರೆಯಬಾರದು. ಲಾತೂರಿನ ಕಿಲ್ಲಾರಿ ಅದಕ್ಕೂ ಹಿಂದಿನ ಹಳೆಯ ನಕ್ಷೆಯಲ್ಲಿ ಇನ್ನೂ ಕೆಳಗಿನ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಮನೆಗಳೇ ಕುಸಿದವು. ಸತ್ತವರು ಹತ್ತಿರ ಹತ್ತಿರ 10,000. ಕಂಪನದ ಪ್ರಮಾಣ ಬರೀ 6.2. ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ.

ಅಂಥ ಮಾಳಿಗೆ ಮನೆಗಳು ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲೂ ಇವೆ. ಅವನ್ನು ಕೆಡವಬೇಕಿಲ್ಲ. ಗೋಡೆಯ ಎರಡೂ ಮೈ ಹಿಡಿದಿಡುವ ಉದ್ದನೆಯ ಅಡ್ಡಗಲ್ಲು ಹಾಕಿಸಬಹುದು. ವರ್ಷವರ್ಷ ಮಾಳಿಗೆಗೆ ಹೊಸ ಮಣ್ಣು ಹೇರುವ ಮುನ್ನ ಹಳೆಯದನ್ನು ಇಳಿಸಬಹುದು. ಹೊಸದಾಗಿ ಕಟ್ಟುವವರು ಬಾಗಿಲು, ಕಿಟಕಿಗಳ ಮೇಲೆ ಮನೆಯ ಸುತ್ತ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಓಡಿಸಲಿ. ಗ್ರಾಮ ಪಂಚಾಯಿತಿಗಳು ವಸತಿ ಯೋಜನೆಯ ಮನೆಗಳಿಂದಲೇ ಇದನ್ನು ಶುರುಮಾಡಲಿ. ನೆಲ ನಡುಗಿದ ದಿನ ಗಂಟೆ, ನಿಮಿಷ, ಕಂಡ ಬಿರುಕು ಎಲ್ಲವನ್ನೂ ಬರೆದಿಡಲು ಪಂಚಾಯಿತಿ ಕಚೇರಿಯಲ್ಲಿ ಒಂದು ಪುಸ್ತಕವೂ ಇರಲಿ.