ಹಿತಕವರೆಗೆ ಫೀಸಿಲ್ಲ

3 ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು, ಗೆರೆ ಮೇಲೇ ಬರಿ ಅಂತ ಗದರೋ ಸ್ಕೂಲಿಗೆ ಲಕ್ಷಗಟ್ಟಲೆ ಫೀಸು ಕಟ್ತೀವಿ. ಹುಟ್ಟಿದಾಗ ಮಣಿಕಟ್ಟಿನ 8 ಮೂಳೆಗಳೂ ಸಾಮಾನ್ಯವಾಗಿ ಬರೀ ಮೃದ್ವಸ್ಥಿ. ಅವು ಒಂದೊಂದಾಗಿ ಗಟ್ಟಿಯಾಗುತ್ತಾ 10-12 ವರ್ಷ ಹಿಡಿಯುತ್ತೆ. ಅಷ್ಟು ಆತುರ ಯಾಕೆ ಸ್ವಾಮಿ?

ಬೆರಳಿಗೆ ಮೊದಲು ಕೆಲಸ ಬೇಕು. ನಮ್ಮೂರಲ್ಲಿ ಅವರೆಕಾಯಿ ಕಾಲ ಬಂದ್ರೆ ಮಕ್ಕಳೂ ಹಿತಕೋಕೆ ಕೂರ್ತಿದ್ವು. ನೆನೆಸಿದ ಕಾಳನ್ನ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದ್ರೆ ಬೇಳೆ ಪುಳಕ್ಕನೆ ಹಾರುತ್ತೆ. ಪೆನ್ಸಿಲ್ ಹಿಡಿಯೋಕೂ ಬೇಕಿರೋದು ಅವೇ ಬೆರಳು. ನಾವೋ, ಹಿತಕಿದ ಬೇಳೆನ ಆ್ಯಪಲ್ಲಿ ತರಿಸ್ತೀವಿ. ಜೊತೆಗೆ ಮಗೂಗೊಂದು ‘ಫೈನ್ ಮೋಟಾರ್ ಕಿಟ್’ ಆರ್ಡರ್ ಮಾಡ್ತೀವಿ!

ಈ ಭಾನುವಾರ ಅವರೆಕಾಯಿ ತನ್ನಿ. ಸೀಸನ್ ಇಲ್ವಾ? ಚಪಾತಿ ಹಿಟ್ಟು ಕೊಡಿ, ನಾದಲಿ. ಕಾಳು ಬಾಯಿಗೆ, ಮೂಗಿಗೆ ಹೋಗದಂತೆ ಪಕ್ಕದಲ್ಲೇ ಕೂತ್ಕೊಳ್ಳಿ. ಫೋನು ಕೆಳಗಿಟ್ಟು.