ಮೇಳದ ಮಳಿಗೆಗೆ ಕಾರ್ಡ್ ಮಷೀನು ಬೇಕಾ? ಮೊದಲು ಬಾಡಿಗೆ ಲೆಕ್ಕ ಹಾಕ್ರಿ

ಮಳೆ ಕಡಿಮೆ ಆಗ್ತಿದ್ದಂಗ ಮೇಳಗಳ ಹಂಗಾಮು ಶುರು ಆಗ್ತದ. ಸೆಪ್ಟೆಂಬರ್‌ನಲ್ಲಿ ಧಾರವಾಡದ ಕೃಷಿ ಮೇಳ, ನವೆಂಬರ್‌ನಲ್ಲಿ ಬೆಂಗಳೂರಿನ ಜಿಕೆವಿಕೆ ಮೇಳ. ನಮ್ಮ ಕಡೆಯ ಸಂಘದ ಅಕ್ಕಂದಿರು ಕೌದಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡು ಹೊರಡ್ತಾರೆ. ಅದೇ ಹೊತ್ತಿಗೆ ಮಷೀನು ಮಾರುವ ಹುಡುಗರೂ ಊರೊಳಗ ಕಾಣಿಸ್ಕೋತಾರೆ. "ಅಕ್ಕಾರ, ಸ್ವೈಪ್ ಮಷೀನ್ ಇಲ್ಲಂದ್ರ ಸಿಟಿ ಗಿರಾಕಿ ನಿಲ್ಲಂಗಿಲ್ರಿ" ಅನ್ನೋದು ಅವರ ಮಾತು.

ವರ್ಷಕ್ಕೆ ಎರಡು ಮೂರು ಮೇಳ ಮಾಡುವವರು ತಿಂಗಳ ಬಾಡಿಗೆಯ ಮಷೀನು ತಗೋಬಾರದು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಮೊದಲು ಯಾವುದಕ್ಕೆ ಎಷ್ಟು ಕಟಾವು ನೋಡ್ರಿ. ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಮಾರುವವರಿಗೆ ಕಟಾವಿಲ್ಲ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಎರಡಕ್ಕೂ ಆ ಶುಲ್ಕ ಸೊನ್ನೆ. ಬೇರೆ ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ: ವರ್ಷದ ವ್ಯಾಪಾರ 20 ಲಕ್ಷದೊಳಗಿನ ಸಣ್ಣ ವ್ಯಾಪಾರಿಗೆ ಮಷೀನಿನಲ್ಲಿ ಶೇ 0.40 ದಾಟುವಂತಿಲ್ಲ. ಅದನ್ನು ಗಿರಾಕಿಯ ತಲೆಗೆ ಕಟ್ಟುವಂತೆಯೂ ಇಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿ ಇಲ್ಲ; ಸಾಮಾನ್ಯವಾಗಿ ಶೇ 2ರ ಆಸುಪಾಸು, ಹೊರದೇಶದ ಕಾರ್ಡಿಗೆ ಇನ್ನೂ ಜಾಸ್ತಿ.

ಎಲ್ಲರೂ ಈ ಶೇ 2ರ ಮೇಲೇ ಚೌಕಾಸಿ ಮಾಡ್ತಾರೆ. ಆದ್ರೆ ಹೊಡೆತ ಬೀಳೋದು ಬಾಡಿಗೆಯಿಂದ. ಲೆಕ್ಕಕ್ಕೆ ಅಂತ ಹಿಡೀರಿ: ಮಷೀನಿಗೆ ತಿಂಗಳಿಗೆ 500 ರೂಪಾಯಿ. ವರ್ಷಕ್ಕೆ 6,000, ಅದರ ಮೇಲೆ ಶೇ 18 ಜಿಎಸ್‌ಟಿ 1,080. ಮೂರು ಮೇಳ ಸೇರಿ ಕಾರ್ಡಿನಲ್ಲಿ 15 ಕೌದಿ ಹೋದ್ವು, ಒಂದಕ್ಕೆ 3,000ದಂತೆ 45,000 ರೂಪಾಯಿ. ಶೇ 2 ಅಂದ್ರೆ 900, ಜಿಎಸ್‌ಟಿ ಸೇರಿ 1,062. ಒಟ್ಟು ಖರ್ಚು 8,142. ನೂರು ರೂಪಾಯಿ ವ್ಯಾಪಾರಕ್ಕೆ 18 ರೂಪಾಯಿ ಹೋಯ್ತು! ಬಟ್ಟೆ, ದಾರ, ಹೊಲಿದ ಕೈಯ ಕೂಲಿ ಕಳೆದು ಒಂದು ಕೌದಿಗೆ 300 ಉಳಿದರೆ ಆ ಹದಿನೈದರಿಂದ ಸಿಗೋದು 4,500. ಮಷೀನು ಅದನ್ನೂ ತಿಂದು ಮೇಲೆ 3,642 ಕೇಳ್ತದೆ. ಮೇಳ ನಡೆಯೋದು ಹತ್ತು ಹನ್ನೆರಡು ದಿನ, ಬಾಡಿಗೆ ಓಡೋದು 365 ದಿನ. ಬಿತ್ತನೆಗೆ ಮಾತ್ರ ಬೇಕಾದ ಟ್ರ್ಯಾಕ್ಟರನ್ನ ವರ್ಷಪೂರ್ತಿ ಬಾಡಿಗೆಗೆ ಯಾರಾದರೂ ಹಿಡೀತಾರೇನ್ರಿ?

ಹಂಗಂತ ಕಾರ್ಡ್ ತಂದವರನ್ನ ವಾಪಸ್ ಕಳಿಸಿ ಅಂತಲ್ಲ. ಬಾಡಿಗೆ ಇಲ್ಲದ ದಾರಿಗಳಿವೆ. ಒಂದು, ವ್ಯಾಪಾರಿ ಕ್ಯೂಆರ್. ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸಿಕೊಂಡವರು ಅದನ್ನೇ ಸ್ಕ್ಯಾನ್ ಮಾಡಿ ಕೊಡಬಹುದು. ನಮ್ಮ ಸ್ವಂತ ಫೋನಿನ ಸಾದಾ ಕ್ಯೂಆರ್‌ಗೆ ಅದು ನಡೆಯಲ್ಲ. ಎರಡು, ಎನ್‌ಎಫ್‌ಸಿ ಇರುವ ಫೋನನ್ನೇ ಮಷೀನು ಮಾಡುವ ಆ್ಯಪ್. ಕಾರ್ಡ್ ಫೋನಿಗೆ ತಾಗಿಸಿದರಾಯ್ತು. 5,000 ರೂಪಾಯಿವರೆಗೆ ಪಿನ್ನೂ ಬೇಕಿಲ್ಲ. ಅದೇ ಹದಿನೈದು ಕೌದಿಗೆ ಆಗ ಹೋಗೋದು 1,062 ಅಷ್ಟೇ. ನಷ್ಟ ಇಲ್ಲ. ಚನ್ನಪಟ್ಟಣದ ಗೊಂಬೆ ಅಂಗಡಿಯಂಗ ವರ್ಷವಿಡೀ ಪ್ರವಾಸಿಗರಿಗೆ ಮಾರೋರ ಮಾತು ಬೇರೆ. ಅವರಿಗೆ ಬಾಡಿಗೆ ಮಷೀನೂ ಗಿಟ್ಟಬಹುದು.

ಸಹಿ ಹಾಕೋ ಮುಂಚೆ ಇಷ್ಟು ಕೇಳ್ರಿ, ಉತ್ತರ ಕಾಗದದ ಮೇಲೆ ತಗೋರಿ. ವ್ಯಾಪಾರ ಇಲ್ಲದ ತಿಂಗಳೂ ಬಾಡಿಗೆ ಕಟ್ಟಬೇಕಾ? ನಡುವೆ ವಾಪಸ್ ಕೊಟ್ರೆ ದಂಡ ಎಷ್ಟು? ದುಡ್ಡು ಖಾತೆಗೆ ಯಾವತ್ತು ಬೀಳ್ತದೆ, ಭಾನುವಾರ ಬೀಳ್ತದಾ? ಗಿರಾಕಿ ಆಮೇಲೆ ಬ್ಯಾಂಕಿಗೆ ತಕರಾರು ಹಾಕಿದರೆ ನಮ್ಮ ದುಡ್ಡು ಹಿಡೀತೀರಾ? ಸೌಂಡ್‌ಬಾಕ್ಸ್‌ಗೂ ಬಾಡಿಗೆ ಇರ್ತದೆ, ಅದನ್ನೂ ಕೇಳ್ರಿ. "ಮೊದಲ ಮೂರು ತಿಂಗಳು ಫ್ರೀ" ಅಂದ್ರೆ ನಾಲ್ಕನೇ ತಿಂಗಳು ಏನು ಅನ್ನೋದೇ ಪ್ರಶ್ನೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಕ್ಯೂಆರ್ ಯಾರ ಹೆಸರಿನಲ್ಲಿರಬೇಕು? ಸ್ಮಾರ್ಟ್ ಫೋನ್ ಇದೆ ಅಂತ ಒಬ್ಬ ಅಕ್ಕನ ಖಾತೆಗೆ ಎಲ್ಲರ ದುಡ್ಡು ಬೀಳ್ತದೆ. ಹತ್ತು ಜನ ಹೊಲಿದ ಕೌದಿಯ ಹಣ ಆಕೆಯ ಸಾಲದ ಕಂತಿಗೆ ತಾನಾಗೇ ಕಟ್ ಆಗಿಬಿಟ್ರೆ? ಆಕೆ ಪ್ರಾಮಾಣಿಕಳಾದರೂ ಜಗಳ ತಪ್ಪಲ್ಲ. ಎಷ್ಟೋ ವರ್ಷ ವಾರವಾರ ಕೂಡಿಟ್ಟು ಬೆಳೆಸಿದ ಸಂಘ ಒಂದು ಮೇಳದಾಗ ಒಡೆದು ಹೋಗ್ತದ. ಅದಕ್ಕೇ ಬ್ಯಾಂಕಿಗೆ ಹೋಗಿ ಸಂಘದ ಖಾತೆಗೇ ಕ್ಯೂಆರ್ ಕೊಡ್ರಿ ಅಂತ ಕೂತು ಕೇಳ್ರಿ. ಎರಡು ಸಲ ಓಡಾಡಿದ್ರೂ ಪರವಾಗಿಲ್ಲ.

ಮೇಳದ ಮೈದಾನದಾಗ ಜನ ತುಂಬಿದಾಗ ನೆಟ್‌ವರ್ಕ್ ಕೈ ಕೊಡ್ತದೆ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರಲಿ, ಚಿಲ್ಲರೆ ಇರಲಿ. ಗಿರಾಕಿ ತೋರಿಸಿದ ಸ್ಕ್ರೀನ್‌ಶಾಟ್ ನಂಬಬ್ಯಾಡ್ರಿ. ನಮ್ಮ ಕಡೆ ದುಡ್ಡು ಬಂದದ್ದು ಖಾತ್ರಿ ಆದಮೇಲೇ ಕೌದಿ ಕೈ ದಾಟಲಿ.

ಕೊನೆಗೆ ತೆರಿಗೆ ಭಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕಿತ್ತು "ನಗದು ಮಾತ್ರ" ಅಂತ ಬೋರ್ಡ್ ಹಾಕಿದ್ವು. ಆದ್ರೆ ಸರಕು ಮಾರಾಟಕ್ಕೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. ತಾನು ಬೆಳೆದದ್ದನ್ನೇ ಮಾರುವ ರೈತನಿಗೆ ನೋಂದಣಿಯೇ ಬೇಕಿಲ್ಲ. ನಮ್ಮ ಸಂಘಗಳ ವ್ಯಾಪಾರ ಆ ಮಿತಿಯ ಹತ್ತಿರಕ್ಕೂ ಹೋಗಲ್ಲ. ನಗದಿಗೂ ತೆರಿಗೆ ಕಾನೂನು ಅದೇ. ಕ್ಯೂಆರ್ ಮುಚ್ಚಿಡೋ ಬದಲು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಂದು ದಿನದ ಮಾರಾಟ ಬರೆದಿಡ್ರಿ. ನಾಳೆ ಯಾರಾದರೂ ಕೇಳಿದರೆ ತೋರಿಸೋಕೆ ಆಗ್ತದೆ, ಸಂಘದೊಳಗ ಪಾಲು ಹಂಚೋಕೂ ಅದೇ ಬೇಕು.